ಕಬ್ಬಿಣದ ಭಿಕ್ಷೆ

ಬಸವ ಜಯಂತಿಯ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ಆಡಿದ ಮಾತು ನನ್ನನ್ನು ಇನ್ನೂ ಕಾಡುತ್ತಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶೋಷಣೆ ಮಿತಿಮೀರಿತ್ತು, ಜನ ಸಿಡಿದೆದ್ದರು, ಸಿಟ್ಟು ಹೇಳಿಕೊಳ್ಳಲು ಬೇರೆ ಭಾಷೆ ಇಲ್ಲದ ಕಾಲವಾದ್ದರಿಂದ ದೇವರ ಹೆಸರು ಹಿಡಿದರು, ಧರ್ಮವೆಂಬುದು ಬರೀ ನೆಪ ಎಂದರು ಅವರು. ಸಭೆ ಚಪ್ಪಾಳೆ ತಟ್ಟಿತು. ನನಗೆ ತಟ್ಟಲಾಗಲಿಲ್ಲ.

ಶೋಷಣೆ ಅದಕ್ಕೂ ಹಿಂದಿನ ನೂರು ವರ್ಷಗಳಲ್ಲಿತ್ತು, ಮುಂದಿನ ನೂರು ವರ್ಷಗಳಲ್ಲೂ ಇತ್ತು. ಕಲ್ಯಾಣದಲ್ಲಿದ್ದಷ್ಟೇ ಹಂಪೆಯಲ್ಲೂ ಹಳೇಬೀಡಿನಲ್ಲೂ ಇತ್ತು. ಎಲ್ಲ ಕಡೆ ಎಲ್ಲ ಕಾಲದಲ್ಲೂ ಇರುವ ಒಂದು ಸಂಗತಿಯಿಂದ, ಒಂದೇ ಊರಿನಲ್ಲಿ ಒಂದೇ ತಲೆಮಾರಿನಲ್ಲಿ ಹುಟ್ಟಿದ ಶರಣ ಚಳವಳಿಗೆ ಕಾರಣ ಹೇಳಲಾಗದು. ನೆಲದೊಳಗಿಂದ ಎದ್ದ ಧರ್ಮಚಳವಳಿಗಳ ಹುಟ್ಟನ್ನು ನಾನು ಬೇರೆ ಕಡೆ ಹುಡುಕುತ್ತೇನೆ. ದುಡಿಯುವವನಿಗೆ ತನ್ನ ಕೈಯ ಕೆಲಸವೇ ದೇವರ ಮುಂದಿಡಲು ಯೋಗ್ಯ ಎಂಬ ಧೈರ್ಯ ಬಂದಾಗ ಅವು ಹುಟ್ಟುತ್ತವೆ. ಪ್ರತಿಭಟನೆ ಆ ಧೈರ್ಯದ ಹಿಂದೆ ಬರುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ, ನಾನು ಗೌರವಿಸುವ ವಾದವೊಂದಿದೆ. ಶರಣರು ಶೂನ್ಯದಿಂದ ಇಳಿಯಲಿಲ್ಲ, ಅವರ ಬೆನ್ನಿಗೆ ತಮಿಳುನಾಡಿನ ಅರವತ್ಮೂವರು ಪುರಾತನರಿದ್ದರು, ಕಾಳಾಮುಖರ ಮಠಗಳಿದ್ದವು, ಎಲ್ಲಕ್ಕೂ ಬೇರು ಅಲ್ಲಿದೆ ಎಂಬ ವಾದ ಅದು. ಬೇರು ಅಲ್ಲಿರುವುದನ್ನು ಒಪ್ಪುತ್ತೇನೆ. ಬಸವಣ್ಣನ ವಚನಗಳೇ ಆ ಪುರಾತನರನ್ನು ಪ್ರೀತಿಯಿಂದ ನೆನೆಯುತ್ತವೆ. ಆದರೆ ಬಳ್ಳಿಗಾವೆಯ ಕೇದಾರೇಶ್ವರ ದೇಗುಲದ 1162ರ ಶಾಸನವನ್ನು ಒಮ್ಮೆ ನೋಡಿ. ದೊರೆ ಬಿಜ್ಜಳನ ಕಾಲದ್ದು, ಶರಣರು ಕಲ್ಯಾಣದಲ್ಲಿದ್ದ ವರ್ಷಗಳದ್ದೇ. ಅಲ್ಲಿನ ಕಾಳಾಮುಖರ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು. ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಔಷಧ ಸಿಗುತ್ತಿತ್ತು. ವಿದ್ಯೆ, ಕರುಣೆ, ರಾಜಾಶ್ರಯ ಯಾವುದಕ್ಕೂ ಕೊರತೆಯಿರಲಿಲ್ಲ. ಶಿವನೂ ಅದೇ ಶಿವ. ಆದರೂ ಚಳವಳಿ ಎದ್ದದ್ದು ಅಲ್ಲಲ್ಲ. ಆ ಮಠದ ಬಾಗಿಲಲ್ಲಿ ಕುರುಡನಿಗೆ ಅನ್ನ ಸಿಕ್ಕಿತು, ಅವನ ಮಾತು ಕೇಳುವವರಿರಲಿಲ್ಲ. ಕೈಯೊಡ್ಡಿದವನು ಕೈಯೊಡ್ಡಿದವನಾಗಿಯೇ ಉಳಿದ.

ಅದರ ಪಕ್ಕದಲ್ಲಿ ಆಯ್ದಕ್ಕಿ ಲಕ್ಕಮ್ಮನ ಮನೆಯನ್ನಿಟ್ಟು ನೋಡಬೇಕು. ಗಂಡ ಮಾರಯ್ಯ ಬಸವಣ್ಣನ ಮಹಮನೆಯ ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಬಡವಿ ಲಕ್ಕಮ್ಮ ಹಿಗ್ಗಲಿಲ್ಲ, ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಗೇ ಸುರಿದು ಬಾ ಎಂದು ಹಿಂದಕ್ಕಟ್ಟಿದಳು. ಆ ಅಕ್ಕಿ ಭಂಡಾರಿ ಬಸವಣ್ಣನ ಅಂಗಳದ್ದು, ಕಲ್ಯಾಣದ ಅತಿ ದೊಡ್ಡ ಮನೆಯದ್ದು. ಅದನ್ನು ಬೇಡವೆನ್ನುವ ಅಧಿಕಾರ ಅವಳಿಗೆ ಎಲ್ಲಿಂದ ಬಂತು? ಅವಳ ಕಾಯಕದಿಂದ ಬಂತು.

ನುಲಿಯ ಚಂದಯ್ಯನ ಕಥೆಯೂ ಇದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತದೆ. ಅವನು ಕೆರೆಯಲ್ಲಿ ಹುಲ್ಲು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ ಜಂಗಮ ದಾಸೋಹ ಮಾಡುವವನು. ಬಾಗಿ ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಜಾರಿ ನೀರಿಗೆ ಬಿತ್ತು. ಯಾವ ಭಕ್ತನಾದರೂ ಎದೆಯೊಡೆದುಕೊಳ್ಳಬೇಕಾದ ಗಳಿಗೆ ಅದು. ಚಂದಯ್ಯ ಹುಲ್ಲಿನ ಹೊರೆ ಹೊತ್ತು ಮನೆಯ ದಾರಿ ಹಿಡಿದ. ಲಿಂಗವೇ ಎದ್ದು ಅವನ ಹಿಂದೆ ಬಂತು, ಅಂಗಲಾಚಿತು. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಕಥೆ ಮುಂದುವರಿದು ಲಿಂಗಕ್ಕೇ ಹಗ್ಗ ಮಾರುವ ಕೆಲಸ ಹಚ್ಚುತ್ತದೆ. ಹಗ್ಗ ಹೊಸೆಯುವವನೊಬ್ಬನ ಹಿಂದೆ ದೇವರು ನಡೆದು ಬರುವ ಈ ಕಥೆಯನ್ನು ಕೇಳಿದ ಮೇಲೂ ಧರ್ಮ ನೆಪ ಎನ್ನುವುದು ಹೇಗೆ? ನೆಪವಾಗಿದ್ದರೆ ಜಾರಿದ ಲಿಂಗ ಕೆರೆಯಲ್ಲೇ ಉಳಿಯುತ್ತಿತ್ತು. ಅದನ್ನು ಮನೆಯವರೆಗೆ ನಡೆಸಿಕೊಂಡು ಬಂದವರು ಅದನ್ನು ಪ್ರಾಣದಷ್ಟು ನಂಬಿದವರು.

ಬಸವಣ್ಣನಿಲ್ಲದೆ ಕಲ್ಯಾಣವಿಲ್ಲ ಎನ್ನುವವರ ಮಾತೂ ಅರ್ಧ ಸತ್ಯವೇ. ಭಂಡಾರ ಕಾಯುವವನೊಬ್ಬ ತನ್ನ ಮನೆಯ ಬಾಗಿಲು ತೆರೆಯದಿದ್ದರೆ ಅಂಬಿಗ, ಮಡಿವಾಳ, ಡೋಹರ, ಮಾದಾರ ಒಂದೇ ಸೂರಿನಡಿ ಕೂರುತ್ತಿರಲಿಲ್ಲ. ಆದರೆ ಮುದನೂರಿನ ನೇಕಾರ ದೇವರ ದಾಸಿಮಯ್ಯ ಅವನಿಗಿಂತ ಮೊದಲೇ ವಚನ ನುಡಿದಿದ್ದ. ಬಾಗಿಲು ತೆರೆದದ್ದು ಬಸವಣ್ಣ, ಬರುವವರು ಆಗಲೇ ದಾರಿಯಲ್ಲಿದ್ದರು.

ನನ್ನ ಮಾತಿಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಕಲ್ಯಾಣದ್ದಲ್ಲ, ಅದು ದಕ್ಷಿಣದ್ದು. ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಅಲ್ಲಮನೇ ಮಂಟೇಸ್ವಾಮಿಯಾಗಿ, ಕುಷ್ಠ ಹತ್ತಿದ ಮೈಯಲ್ಲಿ, ಸತ್ತ ಕರುವನ್ನು ಹೊತ್ತು ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಒಳಗೆ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು ಉಣ್ಣುತ್ತಿದ್ದಾರೆ. ಕಾವಲಿನವರು ಅವನನ್ನು ತಿಪ್ಪೆಗೆ ನೂಕುತ್ತಾರೆ. ಕಾಯಕದಿಂದ ಹುಟ್ಟಿದ ಧರ್ಮ ಊಟದ ಪಂಕ್ತಿಯಾಗಿ ಉಳಿದಾಗ, ದುಡಿಯುವ ಕೈಗೆ ದೇವರ ಮುಂದೆ ಜಾಗವಿದೆಯೇ ಎಂಬ ಪ್ರಶ್ನೆ ಮತ್ತೆ ಹೊರಗಿನಿಂದ ಬಂದು ಬಾಗಿಲು ಬಡಿಯಿತು. ಬಡಿದ ಕೈ ಸತ್ತ ದನ ಹೊರುವವರದು.

ಮಂಟೇಸ್ವಾಮಿ ದಕ್ಷಿಣಕ್ಕೆ ಬಂದ. ಮಳವಳ್ಳಿ ಸೀಮೆಯ ಬೊಪ್ಪೇಗೌಡನಪುರದಲ್ಲಿ ಅವನ ಗದ್ದುಗೆಯಿದೆ, ಕಾವೇರಿ ದಂಡೆಯ ಕಪ್ಪಡಿಯಲ್ಲಿ ಶಿಷ್ಯ ರಾಚಪ್ಪಾಜಿಯದು, ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯದು. ಚಿಕ್ಕಲ್ಲೂರ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲವೆಂಬ ಆಕೃತಿ ಹತ್ತಿ ಉರಿಯುವಾಗ ರೈತರು ಅದರ ಉರಿ ಯಾವ ದಿಕ್ಕಿಗೆ ವಾಲುತ್ತದೆಂದು ಕತ್ತೆತ್ತಿ ನೋಡುತ್ತಾರೆ. ಆ ದಿಕ್ಕಿನ ಸೀಮೆಗೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ಇಲ್ಲಿಯೂ ದೇವರನ್ನು ಕೇಳುವುದು ಹೊಲದ ಮಾತನ್ನೇ.

ಆ ಸಿದ್ದಪ್ಪಾಜಿ ಯಾರು? ನಿಡುಘಟ್ಟದ ಕಮ್ಮಾರರ ಹುಡುಗ ಕೆಂಪಾಚಾರಿ. ಗುರು ಮಂಟೇಸ್ವಾಮಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ಮೊದಲು ಕಳುಹಿಸಿದ್ದು ಅರಮನೆಗಲ್ಲ, ಅಗ್ರಹಾರಕ್ಕೂ ಅಲ್ಲ. ಹಲಗೂರಿಗೆ, ಅವನದೇ ಕುಲದ ಪಾಂಚಾಳರ ಕುಲುಮೆಗಳಿಗೆ, ಕಬ್ಬಿಣದ ಭಿಕ್ಷೆ ಬೇಡಿ ತಾ ಎಂದು ಕಳುಹಿಸಿದ. ಒಡೆಯನ ಎದುರು ನಿಂತು ಕೂಗುವುದಕ್ಕಿಂತ ಇದು ಕಷ್ಟದ ಕೆಲಸ. ಹುಡುಗ ಜೋಳಿಗೆ ಹಿಡಿದು ನಿಂತ. ಕುಲುಮೆಯಲ್ಲಿ ಕಬ್ಬಿಣ ಕೆಂಪಗೆ ಕಾಯುತ್ತಿತ್ತು. ನಮ್ಮಲ್ಲಿ ಕಬ್ಬಿಣವಿಲ್ಲ ಎಂದರು, ಅವನ ಜೊತೆ ಸುತ್ತಿಗೆ ಹಿಡಿಯಬೇಕಾಗಿದ್ದವರೇ.