ಬಾಣಂತಿಯ ಕುರ್ತಾಕ್ಕೆ ಎರಡು ಜಿಪ್

ನಾಮಕರಣಕ್ಕೆ ಹೋಗುವಾಗ ಮಗುವಿಗೆ ಬೆಳ್ಳಿ ಲೋಟ, ತಾಯಿಗೆ ಜರಿಯಂಚಿನ ಸೀರೆಯನ್ನೋ ಕಸೂತಿ ತುಂಬಿದ ಚೂಡಿದಾರವನ್ನೋ ಒಯ್ಯುವುದು ನಮ್ಮ ರೂಢಿ. ಫೋಟೋಗೆ ನಿಂತ ಮೇಲೆ ಆ ಬಟ್ಟೆ ಬೀರು ಸೇರುತ್ತದೆ. ಬೆನ್ನಿಗೆ ಹುಕ್ ಇರುವ ಬ್ಲೌಸಾಗಲಿ, ಕತ್ತಿನವರೆಗೆ ಮುಚ್ಚಿದ ಕುರ್ತಾ ಆಗಲಿ, ಹಸಿದು ಅಳುವ ಕೂಸಿನ ಮುಂದೆ ಉಪಯೋಗಕ್ಕೆ ಬರುವಂಥದ್ದಲ್ಲ. ಇದಕ್ಕೆ ಯಾರ ಆಕ್ಷೇಪವೂ ಇಲ್ಲ. ಅದೇ ತಾಯಿ ಹಾಲೂಡಿಸಲು ಅನುಕೂಲವಾದ, ತೊಟ್ಟರೆ ಚೆಂದವೂ ಕಾಣುವ ಎರಡು ಕುರ್ತಾ ತರಿಸಿಕೊಂಡಾಗ ಮಾತ್ರ ಮಾತು ಹುಟ್ಟುತ್ತದೆ: ‘ಬಾಣಂತಿಗೆ ಇದೆಂಥ ಶೋಕಿ? ಮನೇಲಿ ನೈಟಿ ಇಲ್ವಾ?’ ಓದುಗರಲ್ಲಿ ನನ್ನ ಮನವಿ ಇಷ್ಟೆ: ಆ ಮಾತನ್ನು ನಿಲ್ಲಿಸೋಣ. ಸಾಧ್ಯವಾದರೆ ಆ ಕುರ್ತಾವನ್ನು ನಾವೇ ಹೊಲಿಸಿ ಕೊಡೋಣ.

ಶೋಕಿ ಎನ್ನುವವರು ಲೆಕ್ಕವನ್ನೊಮ್ಮೆ ನೋಡಬೇಕು. ಎಳೆಗೂಸು ದಿನಕ್ಕೆ 8ರಿಂದ 12 ಬಾರಿ ಹಾಲು ಕುಡಿಯುತ್ತದೆ. ಮೊದಲ ಆರು ತಿಂಗಳು ಎದೆಹಾಲೊಂದೇ ಸಾಕು, ಆಮೇಲೆ ಇತರ ಆಹಾರದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಮುಂದುವರಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟು ದಿನ, ಅಷ್ಟು ಸಲ ಮಾಡುವ ಕೆಲಸಕ್ಕೆ ತಕ್ಕ ಉಡುಪು ಬೇಡವೇ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು 100ಕ್ಕೆ ಸುಮಾರು 64. ಉಳಿದ ಮಕ್ಕಳಿಗೆ ಅದು ತಪ್ಪಿದ್ದು ಬಟ್ಟೆಯಿಂದ ಎಂದು ನಾನು ಹೇಳಲಾರೆ. ಕಾಯಿಲೆ, ಕೆಲಸ, ತಪ್ಪು ತಿಳಿವಳಿಕೆ, ಸಿಸೇರಿಯನ್ ಬಳಿಕದ ನೋವು, ಹೀಗೆ ಕಾರಣ ನೂರಿವೆ. ಆದರೆ ಬಟ್ಟೆ ನಮ್ಮ ಕೈಯಲ್ಲೇ ಇರುವ, ಇವತ್ತೇ ಸರಿಮಾಡಬಹುದಾದ ಸಂಗತಿ. ಇನ್ನೊಂದು ವಿಷಯ, ಎದೆಯಿಂದ ಹಾಲು ಇಳಿಯುವುದಕ್ಕೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು. ನೋವು, ಆತಂಕ, ನಾಚಿಕೆಗಳು ಅದಕ್ಕೆ ತಡೆಯೊಡ್ಡುತ್ತವೆ. ಯಾರು ನೋಡುತ್ತಾರೋ, ಏನನ್ನುತ್ತಾರೋ ಎಂದು ಮುದುಡಿ ಕೂತವಳಿಗೆ ಹಾಲು ಇಳಿಯಲು ತಡವಾದರೆ, ಅದರಲ್ಲಿ ನೋಡಿದವರ ಪಾಲೂ ಇದೆ.

‘ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು? ನಾವು ಮಕ್ಕಳನ್ನು ಸಾಕಲಿಲ್ಲವೇ?’ ಎಂಬುದು ಹಿರಿಯರ ಮಾತು. ಸಾಕಿದ್ದೀರಿ, ನಿಜ. ಆದರೆ ನಿಮ್ಮ ಉಡುಪೇ ಹಾಲೂಡಿಸುವ ಉಡುಪಾಗಿತ್ತು. ಉತ್ತರ ಕರ್ನಾಟಕದಲ್ಲಿ ಗುಳೇದಗುಡ್ಡದ ಖಣದಿಂದ ಹೊಲಿದ ಕುಪ್ಪಸವನ್ನು ನೆನಪಿಸಿಕೊಳ್ಳಿ, ಮುಂದೆ ಗಂಟು ಹಾಕುವಂಥದ್ದು. ಗಂಟು ಬಿಚ್ಚಿ, ಇಳಕಲ್ ಸೀರೆಯ ಸೆರಗೆಳೆದುಕೊಂಡರೆ ಆಯಿತು, ಜಗಲಿಯಲ್ಲೂ ಹೊಲದ ಬದುವಿನಲ್ಲೂ ಸಂತೆಯಲ್ಲೂ ಕೂಸಿಗೆ ಹಾಲೂಡಿಸಬಹುದಿತ್ತು. ಅದರ ಬಣ್ಣ, ನೇಯ್ಗೆಯಲ್ಲಿ ಅಂದಕ್ಕೇನು ಕಡಿಮೆಯಿತ್ತೇ? ಮುಂದೆ ಹುಕ್ಕಿರುವ ಹತ್ತಿಯ ರವಿಕೆಯೂ ಇದೇ ಜಾತಿಯದು. ಹೆಣ್ಣುಮಕ್ಕಳು ಚೂಡಿದಾರ, ಕುರ್ತಾ, ಟಾಪುಗಳಿಗೆ ಬದಲಾದಾಗ ಈ ಅನುಕೂಲ ಸದ್ದಿಲ್ಲದೆ ತಪ್ಪಿಹೋಯಿತು. ಇಂದಿನ ಫೀಡಿಂಗ್ ಕುರ್ತಾ ಅದನ್ನು ಮರಳಿ ತರುತ್ತಿದೆ, ಅಷ್ಟೆ. ಹೊರಗಿನಿಂದ ಬಂದ ಹೊಸ ಫ್ಯಾಷನ್ ಎಂದು ಮೂಗು ಮುರಿಯುವವರಿಗೆ ಅಜ್ಜಿಯ ಕುಪ್ಪಸ ಮರೆತಿರಬೇಕು.

ದುಡ್ಡಿನ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಬಸುರಿ, ಬಾಣಂತಿ ಎಂಬ ಹೆಸರು ಅಂಟಿಸಿದ ಕೂಡಲೇ ಬೆಲೆ ಏರಿಸುವ ವ್ಯಾಪಾರವಿದೆ, ಅದರ ಬಗ್ಗೆ ನನಗೂ ಸಿಟ್ಟಿದೆ. ಆದರೆ ಇದು ಬೀದಿ ಕೊನೆಯ ಟೈಲರ್ ಅಂಗಡಿಯಲ್ಲೇ ಆಗುವ ಕೆಲಸ. ತಾಯಿಗೆ ಇಷ್ಟವಾದ ಹಳೆಯ ಹತ್ತಿ ಕುರ್ತಾ ತೆಗೆದುಕೊಳ್ಳಿ. ಎದೆಯ ಎರಡೂ ಕಡೆ ಪ್ರಿನ್ಸೆಸ್ ಕಟ್ ಹೊಲಿಗೆ ಇಳಿಯುವಲ್ಲಿ ಅದನ್ನು ಬಿಚ್ಚಿಸಿ, ಏಳೆಂಟು ಇಂಚಿನ ಹೊರಗೆ ಕಾಣದ ಜಿಪ್ ಹಾಕಿಸಿ. ಲೋಹದ್ದು ಬೇಡ, ನೈಲಾನಿನದೇ ಇರಲಿ. ಒಳಬದಿಗೆ ಮೆತ್ತನೆ ಬಟ್ಟೆಯ ಪಟ್ಟಿ ಕೊಡಿಸಿದರೆ ಕೂಸಿನ ಕೆನ್ನೆಗೆ ಹಲ್ಲು ತಾಗುವುದಿಲ್ಲ. ಜಿಪ್ಪಿನ ತುದಿಯನ್ನು ತಾಯಿ ಒಂದೇ ಕೈಯಲ್ಲಿ ಎಳೆಯುವಂತಿರಬೇಕು, ಏಕೆಂದರೆ ಇನ್ನೊಂದು ಕೈಯಲ್ಲಿ ಮಗು ಇರುತ್ತದೆ. ಹೂಬಳ್ಳಿಯ ದಟ್ಟ ಪ್ರಿಂಟ್ ಆದರೆ ಹಾಲು ಸೋರಿದ ಕಲೆಯೂ ಎದ್ದು ಕಾಣದು. ಜಗತ್ತಿಗೇ ಬಟ್ಟೆ ಹೊಲಿಯುವ ಗಾರ್ಮೆಂಟ್ ಕಾರ್ಖಾನೆಗಳಿರುವ ಬೆಂಗಳೂರಿನಂಥ ಊರಿಗೆ ಇದೇನು ದೊಡ್ಡ ವಿದ್ಯೆಯೇ? ಆ ಕಾರ್ಖಾನೆಗಳಲ್ಲಿ ಮಿಷನ್ ಮುಂದೆ ಕೂತ ತಾಯಂದಿರಿಗೆ ಬಟ್ಟೆಯಷ್ಟೇ ಸಾಲದು ಎನ್ನುವುದನ್ನೂ ಇಲ್ಲೇ ಹೇಳಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತು. 2017ರ ತಿದ್ದುಪಡಿ ವೇತನಸಹಿತ ರಜೆಯನ್ನು 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಶಿಶುಪಾಲನಾ ಕೊಠಡಿಯನ್ನು ಕಡ್ಡಾಯ ಮಾಡಿತು. ಕೇಳಿ ಪಡೆಯುವ ಧೈರ್ಯ ಬರಬೇಕಾದರೆ ಸುತ್ತಲಿನವರು ಜೊತೆ ನಿಲ್ಲಬೇಕು.

ಮರ್ಯಾದೆಯ ಆಕ್ಷೇಪಕ್ಕೆ ಬರೋಣ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಹಾಲೂಡಿಸುವುದು ಸರಿಯಲ್ಲ, ಮೂಲೆಗೆ ಹೋಗಲಿ ಎನ್ನುವವರಿದ್ದಾರೆ. ಮೂಲೆ ಎಂದರೆ ಹೆಚ್ಚಿನ ಕಡೆ ಶೌಚಾಲಯವೇ. ಅಲ್ಲಿ ಕೂತು ನಾವು ಊಟ ಮಾಡುತ್ತೇವೆಯೇ? ಎದೆಹಾಲುಣಿಸುವುದು ತಾಯಿಯ ಕಸಿದುಕೊಳ್ಳಲಾಗದ ಹಕ್ಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೊಠಡಿಗಳ ವಿಷಯ ವಿಚಾರಿಸುತ್ತಾ, ಮಹಿಳೆಯ ಘನತೆಗೆ ಕುಂದು ತರುವ ಆಚರಣೆಗಳನ್ನು ಬಿಡುವುದು ಸಂವಿಧಾನದ 51ಎ ವಿಧಿ ಪ್ರಕಾರ ಪ್ರಜೆಗಳ ಕರ್ತವ್ಯ ಎಂದು ನೆನಪಿಸಿತು. ಹಾಗಾಗಿ ಫೀಡಿಂಗ್ ಕುರ್ತಾವನ್ನು ‘ಇನ್ನು ಮೇಲೆ ಮುಚ್ಚಿಕೊಂಡೇ ಕೂರು’ ಎಂಬ ಹೊಸ ಕಟ್ಟಳೆ ಮಾಡಬಾರದು. ಬೇಕೆನ್ನುವವಳಿಗೆ ಅದು ಸಿಗಲಿ. ಬೇಸಿಗೆಯ ಸೆಕೆಯಲ್ಲಿ ಶಾಲು ಸರಿಸಿ ಕೂತವಳ ತಂಟೆಗೂ ಯಾರೂ ಹೋಗದಿರಲಿ.

ಕೊನೆಯ ಆಕ್ಷೇಪ ಎದೆಹಾಲಿನ ಪರವಾಗಿ ದುಡಿಯುವವರದೇ: ಯಾರನ್ನೂ ಟೀಕಿಸಬೇಡಿ ಎಂದರೆ ಬಾಟಲಿ ಹಾಲಿಗೆ ದಾರಿ ಬಿಟ್ಟಂತೆ ಆಗುವುದಿಲ್ಲವೇ? ಈ ವಿಷಯದಲ್ಲಿ ನಮ್ಮ ಕಾನೂನು ನಮಗಿಂತ ಜಾಣ. ಶಿಶು ಹಾಲಿನ ಪುಡಿಯ ಜಾಹೀರಾತನ್ನು 1992ರ ಕಾಯ್ದೆ ನಿಷೇಧಿಸಿದೆ. ಅದು ಕಟ್ಟಿಹಾಕುವುದು ಕಂಪನಿಗಳನ್ನು, ಡಬ್ಬಿ ಕೊಂಡ ತಾಯಿಗೆ ಅದು ಯಾವ ದಂಡವನ್ನೂ ಹಾಕುವುದಿಲ್ಲ. ಹಾಲು ಸಾಲದೆಯೋ, ಔಷಧಿಯ ಕಾರಣಕ್ಕೋ, ರಜೆ ಮುಗಿದೋ ಪುಡಿ ಹಾಲು ಕೊಡುವವಳನ್ನು ‘ಹಾಲಿಲ್ವಾ?’ ಎಂದು ಹತ್ತು ಜನರ ಮುಂದೆ ಕೇಳುವುದರಿಂದ ಒಂದು ತೊಟ್ಟೂ ಹೆಚ್ಚುವುದಿಲ್ಲ. ಆಶಾ ಕಾರ್ಯಕರ್ತೆಯೋ ವೈದ್ಯರೋ ಪಕ್ಕದಲ್ಲಿ ಕೂತು ಮಗುವನ್ನು ಎದೆಗೆ ಹಿಡಿಯುವ ಬಗೆ ತೋರಿಸಿದರೆ ಹೆಚ್ಚಬಹುದು. ಗಂಡ ರಾತ್ರಿ ಎದ್ದು ಒಂದು ಲೋಟ ನೀರು ತಂದುಕೊಟ್ಟು, ಕುಡಿದು ಮುಗಿಸಿದ ಕೂಸನ್ನು ಹೆಗಲಿಗೆ ಹಾಕಿಕೊಂಡು ತೇಗು ಬರಿಸಿದರೆ ಆಕೆಗೆ ಅರ್ಧ ಗಂಟೆ ನಿದ್ದೆಯಾದರೂ ಸಿಗುತ್ತದೆ. ಮುಂದಿನ ನಾಮಕರಣಕ್ಕೆ ಹೊರಡುವವರು ಮೊದಲು ಬಾಣಂತಿಯ ಅಳತೆಯ ಒಂದು ಕುರ್ತಾ ತರಿಸಿಕೊಳ್ಳಿ. ಬಣ್ಣ ಯಾವುದಿರಲಿ ಎಂದು ಅವಳನ್ನೇ ಕೇಳಿ.