ಎಲ್ಲದಕ್ಕೂ 'ಬೇಡ' ಎಂದರೆ ಯಾವ 'ಬೇಡ'ವೂ ಕೇಳಿಸದು

ನಾಸಿಕ್ ಜಿಲ್ಲೆಯ ದಿಂಡೋರಿ ದ್ರಾಕ್ಷಿಯ ತಾಲ್ಲೂಕು. ಅಕ್ಟೋಬರ್ ಹೊತ್ತಿಗೆ ಚಾಟ್ನಿ ಆದ ಬಳ್ಳಿ ಜನವರಿಯಿಂದ ಏಪ್ರಿಲ್ ನಡುವೆ ಕೊಯ್ಲಿಗೆ ಬರುತ್ತದೆ. ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯೂ ಅದೇ ದಿನಗಳಲ್ಲಿ. ನಮ್ಮ ವಿಜಯಪುರದ ತಿಕೋಟಾ ಕಡೆಯೂ ಹೀಗೆಯೇ. ಅಕಾಲ ಮಳೆಯ ಭಯ, ಸಾಲದ ಲೆಕ್ಕ, ವ್ಯಾಪಾರಿಯ ಚೌಕಾಸಿ ಎಲ್ಲ ತಲೆಯಲ್ಲಿಟ್ಟುಕೊಂಡು ಅಪ್ಪ ಮನೆಗೆ ಬಂದರೆ ಮಗ ಮೊಬೈಲ್ ಹಿಡಿದು ಕೂತಿರುತ್ತಾನೆ. ಒಂದು ಮಾತಿಗೆ ಎರಡು ಮಾತು ಬೆಳೆಯುತ್ತದೆ. 'ಇವನು ಕೈಮೀರಿದ' ಎಂಬ ತೀರ್ಪು ಅಲ್ಲೇ ಹೊರಬೀಳುತ್ತದೆ.

ಇಂಥ ಜಗಳಗಳಲ್ಲಿ ಹುಡುಗನ ಸ್ವಭಾವಕ್ಕಿಂತ ಹೊತ್ತಿನ ಪಾಲೇ ಹೆಚ್ಚು ಎಂಬುದು ನನ್ನ ವಾದ. ಹದಿಹರೆಯದಲ್ಲಿ ನಿದ್ದೆ ಬರುವ ಹೊತ್ತು ತಾನಾಗಿಯೇ ತಡವಾಗುತ್ತದೆ. ಆವೇಶಕ್ಕೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದರೂ ಬಲಿಯುತ್ತಲೇ ಇರುತ್ತದೆ. ರಾತ್ರಿ ದಣಿದ ಅಪ್ಪನಿಗೂ ಬೆಳಗ್ಗೆ ನಿದ್ದೆಗೆಟ್ಟ ಮಗನಿಗೂ ತಾಳ್ಮೆ ಎಲ್ಲಿಂದ ಬರಬೇಕು?

ಹಾಗಾಗಿ ನಿಯಮಗಳು ಎರಡೋ ಮೂರೋ ಇರಲಿ, ಗಟ್ಟಿಯಾಗಿರಲಿ. ಲೈಸೆನ್ಸ್ ಇಲ್ಲದೆ ಬೈಕ್ ಓಡಿಸುವುದು ಪ್ರಾಣದ ಪ್ರಶ್ನೆ, ಅಲ್ಲಿ ರಾಜಿ ಇಲ್ಲ. ಕೂದಲು ಹೇಗೆ ಬಿಟ್ಟ ಎಂಬುದನ್ನು ಬಿಟ್ಟುಬಿಡಿ. ತಪ್ಪಿನ ವಿಚಾರಣೆ ಮರುದಿನ ಊಟವಾದ ಮೇಲಾಗಲಿ. ನೆಂಟರ ಮುಂದೆ ಬೇಡ. ತೋಟದ ಕೆಲಸ ಹಂಚುವಾಗ ಅವನನ್ನೂ ಒಂದು ಮಾತು ಕೇಳಿ.

ಇದು ಸದರ ಕೊಟ್ಟಂತಲ್ಲವೇ ಎನ್ನಬಹುದು. ಅಲ್ಲ. ಎಲ್ಲದಕ್ಕೂ ಕೂಗಾಡುವ ಮನೆಯಲ್ಲಿ ಮುಖ್ಯವಾದ 'ಬೇಡ' ಕಿವಿಗೆ ಬೀಳುವುದೇ ಇಲ್ಲ.

ಆದರೆ ಹುಡುಗ ಊಟ ಬಿಟ್ಟು ಮೂಲೆ ಹಿಡಿದರೆ, ಸಾಯುವ ಮಾತಾಡಿದರೆ, ಅದು ಹಟವಲ್ಲ. ಆಗ ಮರುದಿನಕ್ಕೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡಬಹುದು.