ಟವರ್ ಬೇಡ ಅನ್ನೋ ಅರ್ಜಿಗೆ ನನ್ನ ಸಹಿ ಇಲ್ಲ

ಊರಿಗೆ ಮೊಬೈಲ್ ಟವರ್ ಬೇಡ ಅಂತ ಒಂದು ಅರ್ಜಿ ಮನೆಮನೆಗೆ ತಿರುಗ್ತಾ ಇದೆ. ರೇಡಿಯೇಷನ್‌ನಿಂದ ಕ್ಯಾನ್ಸರ್ ಬರುತ್ತೆ, ತೋಟಕ್ಕೆ ಎಲೆಚುಕ್ಕಿ ಬಂದಿದ್ದೂ ಪಕ್ಕದೂರಿನ ಟವರಿಂದಲೇ ಅಂತ ಬರೆದಿದ್ದಾರೆ. ನಾನು ಸಹಿ ಹಾಕಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಇಲ್ಲೇ ಉತ್ತರ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಮೊಬೈಲ್ ತರಂಗಗಳನ್ನು 2ಬಿ ಗುಂಪಿಗೆ ಸೇರಿಸಿದ್ದು ನಿಜ. 2ಬಿ ಅಂದ್ರೆ ಕ್ಯಾನ್ಸರ್ ತಂದರೂ ತರಬಹುದು, ಪುರಾವೆ ಸಾಲದು ಅಂತ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಲ್ಲಿದೆ. ನಮ್ಮ ಅಡಿಕೆಯನ್ನು ಇದೇ ವಿಭಾಗ ಒಂದನೇ ಗುಂಪಿಗೆ ಹಾಕಿದೆ. ಅಂದ್ರೆ ಕ್ಯಾನ್ಸರ್ ತರೋದು ಖಚಿತ ಅಂತ. ಅಡಿಕೆ ವಿಚಾರಕ್ಕೆ ‘ವರದಿ ಸುಳ್ಳು, ಪಿತೂರಿ’ ಅನ್ನೋರೇ ಟವರ್ ವಿಚಾರಕ್ಕೆ ಅದೇ ಸಂಸ್ಥೆಯ ಹೆಸರು ಹಿಡಿದು ಅರ್ಜಿ ಬರೆದರೆ ಹೇಗೆ ಮಾರಾಯ್ರೆ? ತೂಗೋ ತಕ್ಕಡಿ ಒಂದೇ ಇರ್ಬೇಕು.

ಎಲೆಚುಕ್ಕಿ ಶಿಲೀಂಧ್ರದಿಂದ ಬರೋ ರೋಗ. ಮಳೆ, ತೇವದಲ್ಲಿ ಹರಡುತ್ತೆ. ತಪ್ಪನ್ನು ಟವರ್ ಮೇಲೆ ಹಾಕಿ ಕೂತರೆ ಔಷಧಿ ಹೊಡೆಯೋ ಹೊತ್ತು ಮೀರುತ್ತೆ, ಅಷ್ಟೆ.

ಇನ್ನೊಂದು ಮಾತು. ಸಿಗ್ನಲ್ ಕಮ್ಮಿ ಇದ್ದಷ್ಟೂ ನಮ್ಮ ಕೈಯಲ್ಲಿರೋ ಫೋನು ದೂರದ ಟವರ್ ಮುಟ್ಟೋಕೆ ಹೆಚ್ಚು ಶಕ್ತಿಯಲ್ಲಿ ತರಂಗ ಬಿಡುತ್ತೆ. ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಫೋನು ಕಿವಿಗೆ ಒತ್ತಿಕೊಂಡು ಮಾತಾಡ್ತೀವಲ್ಲ, ತಲೆಗೆ ಜಾಸ್ತಿ ಬೀಳೋದು ಆಗಲೇ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ 108ಕ್ಕೆ ಫೋನ್ ಮಾಡೋಕೂ ಅದೇ ಗುಡ್ಡ ಹತ್ತಬೇಕಾ?

ಹಾಗಂತ ಕಂಪನಿಯವರು ಹೇಳಿದ್ದನ್ನೆಲ್ಲ ನಂಬಿ ಅಂತ ನಾನು ಹೇಳ್ತಿಲ್ಲ. 2012ರಲ್ಲಿ ಕೇಂದ್ರ ಸರ್ಕಾರ ಟವರ್ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿತು. ಟವರ್ ಹಾಕಿದ ಮೇಲೆ ಶಾಲೆ ಹತ್ತಿರ, ಮನೆಗಳ ಹತ್ತಿರ ನಮ್ಮೆದುರೇ ಅಳೆದು ತೋರಿಸಿ ಅಂತ ಬರೆಯಿರಿ. ಆ ಅರ್ಜಿಗೆ ಮೊದಲ ಸಹಿ ನಂದು.

ಎರಡನೇ ಅರ್ಜಿ ವಿದ್ಯುತ್ ಕಚೇರಿಗೆ ಹೋಗ್ಬೇಕು. ಈಗ ಕೊನೆ ಕೊಯ್ಯೋಕೆ, ಔಷಧಿ ಹೊಡೆಯೋಕೆ ಎಲ್ಲರ ಕೈಗೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದರಲ್ಲಿ ಕರೆಂಟ್ ಹರಿಯುತ್ತೆ. ತೋಟದ ಮೇಲೆ ಜೋತುಬಿದ್ದ ತಂತಿಗೆ ದೋಟಿ ತಾಗಿದರೆ ಅಲ್ಲಿ ‘ತಂದರೂ ತರಬಹುದು’ ಅನ್ನೋ ಮಾತೇ ಇಲ್ಲ, ನಿಂತಲ್ಲೇ ಜೀವ ಹೋಗುತ್ತೆ. ಆ ತಂತಿ ಎಳೆದು ಬಿಗಿ ಮಾಡಿ ಅಂತ ಇವತ್ತಿನವರೆಗೆ ಒಬ್ಬರೂ ಸಹಿ ಕೇಳಿಕೊಂಡು ಬಂದಿಲ್ಲ. ಯಾರು ಬರೀತೀರಿ ಹೇಳಿ, ಹಾಳೆ ನಾನು ತರ್ತೀನಿ.